ಲಿನೇಯಸ್ ಬೆತ್ತಲೆ ಎಂದ ಬೀಜ

ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಬೇಸಿಗೆಯ ಮಧ್ಯಾಹ್ನ ಫಲೂದಾ ತರಿಸಿಕೊಂಡರೆ, ಲೋಟದ ಹಾಲು, ಗುಲಾಬಿ ಶರಬತ್ತು, ಶಾವಿಗೆಗಳ ನಡುವೆ ಕಪ್ಪೆಮೊಟ್ಟೆಯ ಹಾಗೆ ಕಾಣುವ ಕಾಳುಗಳು ಸಿಗುತ್ತವೆ. ನಡುವೆ ಕಪ್ಪು ಚುಕ್ಕಿ, ಸುತ್ತ ಬೂದುಬಣ್ಣದ ಪಾರದರ್ಶಕ ಲೋಳೆ. ಅಂಗಡಿಯವನ ಉರ್ದುವಿನಲ್ಲಿ ಅದು ಸಬ್ಜಾ. ಪಕ್ಕದ ತೆಲುಗು ಗಿರಾಕಿಗೆ ಸಬ್ಜಾ ಗಿಂಜಲು. ಯುನಾನಿ ಹಕೀಮರ ಚೀಟಿಯಲ್ಲಿ ತುಖ್ಮೆ ರೇಹಾನ್. ಕನ್ನಡದ ಮನೆಗಳಲ್ಲಿ ಕಾಮಕಸ್ತೂರಿ ಬೀಜ. ಗಿಡ ಒಂದೇ, ತುಳಸಿಯ ಹತ್ತಿರದ ನೆಂಟ, ಲ್ಯಾಟಿನ್ನಿನಲ್ಲಿ ಆಸಿಮಮ್ ಬೆಸಿಲಿಕಮ್. ಪುದೀನ, ತುಳಸಿ, ತುಂಬೆ, ದೊಡ್ಡಪತ್ರೆ ಎಲ್ಲವೂ ಇರುವ ಕುಟುಂಬ ಅದು. ಇದರ ಹೆಸರುಗಳಲ್ಲಿ ಹೆಚ್ಚಿನವು ಒಂದು ವಿಷಯದಲ್ಲಿ ಒಪ್ಪುತ್ತವೆ: ತುಖ್ಮ್ ಎಂದರೂ ಬೀಜ, ನಮ್ಮದಂತೂ ನೇರವಾಗಿ ಬೀಜ.

ಅದು ಬೀಜವಲ್ಲ, ಕಾಯಿ. ಇಡೀ ಕಾಯಿಯೂ ಅಲ್ಲ, ಕಾಯಿಯೊಂದರ ಕಾಲುಭಾಗ.

ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಪ್ರಶ್ನೆಯಂತೆ ಇದು ಕಾಣಬಹುದು. ಆದರೆ ಈ ಸಣ್ಣ ವ್ಯತ್ಯಾಸವನ್ನು ಹಿಡಿಯಲು ಯುರೋಪಿನ ಸಸ್ಯಶಾಸ್ತ್ರಕ್ಕೆ ಬಹುಕಾಲ ಬೇಕಾಯಿತು. ಆ ದಾರಿಯಲ್ಲಿ ಒಂದು ಪದ ಪುದೀನದ ಬಳಗವನ್ನು ಬಿಟ್ಟು ದೇವದಾರು, ಪೈನ್ ಮರಗಳ ಮೇಲೆ ಹೋಗಿ ಕುಳಿತಿತು. ಕೆಲಸದಿಂದ ನಾನು ಅನುವಾದಕ. ಔಷಧ ಸಸ್ಯಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವಾಗ ಪುಟಪುಟದಲ್ಲೂ ‘ನಟ್‌ಲೆಟ್’ ಎಂಬ ಪದ ಎದುರಾಗುತ್ತಿತ್ತು. ಅದಕ್ಕೊಂದು ಕನ್ನಡ ಪದ ಹುಡುಕುತ್ತ ಹೋದಾಗ ಕೈಗೆ ಸಿಕ್ಕಿದ್ದು ಈ ಕಥೆ.

ಮೊದಲು ಗಿಡವನ್ನೇ ನೋಡೋಣ. ಕಾಮಕಸ್ತೂರಿಯ ಎಳೆ ಕಾಂಡವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹೊರಳಿಸಿದರೆ ಅದು ದುಂಡಗೆ ಉರುಳುವುದಿಲ್ಲ, ನಾಲ್ಕು ಮೂಲೆ ಬೆರಳಿಗೆ ತಾಗುತ್ತವೆ. ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾರಣ ಕಾಣುತ್ತದೆ. ನಾಲ್ಕು ಮೂಲೆಗಳಲ್ಲೂ ಸಿಪ್ಪೆಯ ಒಳಗೆ, ಗೋಡೆ ದಪ್ಪಗಾದ ಜೀವಕೋಶಗಳ ಕಂತೆ ಇರುತ್ತದೆ. ಕೋಲೆಂಕೈಮಾ ಎನ್ನುತ್ತಾರೆ. ಚಪ್ಪರಕ್ಕೆ ನಾಲ್ಕು ಕಂಬ ನೆಟ್ಟ ಹಾಗೆ ಎಳೆ ಕಾಂಡವನ್ನು ಎತ್ತಿ ಹಿಡಿಯುವುದು ಇವು. ಕಂಬವಾದರೂ ಬಾಗಬಲ್ಲವು, ಹಾಗಾಗಿ ಗಾಳಿಗೆ ಮುರಿಯುವುದಿಲ್ಲ. ನೀರು, ಆಹಾರ ಸಾಗಿಸುವ ನಾಳಗಳ ದೊಡ್ಡ ಕಟ್ಟುಗಳೂ ಇದೇ ನಾಲ್ಕು ಮೂಲೆಗಳ ಎದುರಿಗೆ ಇರುತ್ತವೆ. ಅವುಗಳ ನಡುವೆ ಚಿಕ್ಕ ಕಟ್ಟುಗಳು. ಕಾಂಡ ಬಲಿತಂತೆ ಇವೆಲ್ಲ ಕೂಡಿ ಉಂಗುರವಾಗುತ್ತವೆ. ಒಳಗೆ ಅಗಲವಾದ ಮೆತ್ತನೆಯ ತಿರುಳು.

ಎಲೆಯ ಪರಿಮಳ ಇಡೀ ಎಲೆಯಲ್ಲಿ ಹರಡಿಕೊಂಡಿಲ್ಲ. ಮೇಲ್ಮೈಯಲ್ಲಿ ಅಲ್ಲಲ್ಲಿ ಕುಳಿತ ಗ್ರಂಥಿರೋಮಗಳಲ್ಲಿದೆ. ಇವು ಎರಡು ಬಗೆ. ಒಂದು ಚಿಕ್ಕದು, ಗುಂಡುಸೂಜಿಯ ಹಾಗೆ, ತಲೆಯಲ್ಲಿ ಒಂದೋ ಎರಡೋ ಕೋಶ. ಇನ್ನೊಂದು ಎಲೆಗೆ ಅಂಟಿ ಕುಳಿತ ಗುರಾಣಿಯಂಥದ್ದು, ತಲೆಯಲ್ಲಿ ನಾಲ್ಕು ಕೋಶ. ಆ ನಾಲ್ಕು ಕೋಶಗಳು ತೈಲವನ್ನು ತಯಾರಿಸಿ ತಮ್ಮ ಮೇಲಿನ ತೆಳುಪೊರೆಯ ಕೆಳಗೆ ತುಂಬುತ್ತವೆ. ಪೊರೆ ಗುಳ್ಳೆಯಂತೆ ಉಬ್ಬುತ್ತದೆ. ಎಲೆ ಉಜ್ಜಿದಾಗ ಒಡೆಯುವುದು ಈ ಗುಳ್ಳೆ. ತುಳಸಿಗೆ ಲವಂಗದ ವಾಸನೆ ಕೊಡುವ ಯೂಜಿನಾಲ್ ಕಾಮಕಸ್ತೂರಿಯ ಎಷ್ಟೋ ತಳಿಗಳಲ್ಲಿ ಇರುವುದೂ ಇಲ್ಲೇ. ಇನ್ನು ಪತ್ರರಂಧ್ರಗಳು: ಪ್ರತಿ ರಂಧ್ರದ ಎರಡು ಕಾವಲು ಕೋಶಗಳಿಗೆ ಅಡ್ಡಲಾಗಿ, ಬಾಗಿಲಿಗೆ ಹೊಸ್ತಿಲು ಮತ್ತು ಮೇಲ್ತೊಲೆ ಇಟ್ಟಂತೆ, ಇನ್ನೆರಡು ಕೋಶ. ಒಣಗಿಸಿ ಪುಡಿ ಮಾಡಿದ ಮೇಲೆ ಎಲೆಯ ಆಕಾರ ಹೋಗುತ್ತದೆ, ಬಣ್ಣ ಕೆಡುತ್ತದೆ. ಆದರೆ ಈ ಅಡ್ಡ ಕೋಶಗಳು, ನಾಲ್ಕು ಕೋಶದ ಗುರಾಣಿಗಳು ಪುಡಿಯಲ್ಲೂ ತುಣುಕುತುಣುಕಾಗಿ ಉಳಿಯುತ್ತವೆ. ಔಷಧ ಸಸ್ಯಗಳ ಅಂಗರಚನೆಯನ್ನು ಇಷ್ಟು ಶ್ರದ್ಧೆಯಿಂದ ಬರೆದಿಡುವುದು ಬರಿಯ ಕುತೂಹಲಕ್ಕಲ್ಲ. ಪೊಟ್ಟಣದಲ್ಲಿರುವ ಪುಡಿ ಯಾವ ಗಿಡದ್ದು ಎಂದು ಕೇಳಿದಾಗ ಸಾಕ್ಷಿ ಹೇಳುವುದು ಈ ತುಣುಕುಗಳೇ.

ಇವೆಲ್ಲ ಈ ಕುಟುಂಬದ ಅನೇಕ ಗಿಡಗಳಿಗೆ ಸಾಮಾನ್ಯ. ವಿವಾದ ಇರುವುದು ಹೂವಿನ ತಳದಲ್ಲಿ.

ಹೂವಿನ ದಳಗಳು ಉದುರಿದ ಮೇಲೆ ಪುಷ್ಪಪಾತ್ರೆಯ ಬಟ್ಟಲೊಳಗೆ ಇಣುಕಿದರೆ ನಾಲ್ಕು ಪುಟ್ಟ ಕಾಳುಗಳು ಗೂಡಿನಲ್ಲಿಟ್ಟ ಮೊಟ್ಟೆಗಳಂತೆ ಕುಳಿತಿರುತ್ತವೆ. ತುಂಬೆ ಹೂವನ್ನು ಕಿತ್ತು ಜೇನು ಹೀರಿದ ಮಕ್ಕಳೆಲ್ಲ ಇಂಥದ್ದನ್ನು ನೋಡಿಯೇ ಇರುತ್ತಾರೆ. ಅವರೆಕಾಯಿಯ ಸಿಪ್ಪೆಯಂಥದ್ದು ಸುತ್ತ ಏನೂ ಇಲ್ಲ. ಕಾಯಿ ಎಲ್ಲಿ? ಕಾಣದು. ಬೀಜಗಳು ಬೆತ್ತಲೆಯಾಗಿ ಕುಳಿತಿವೆ ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಕಾರ್ಲ್ ಲಿನೇಯಸ್‌ಗೂ ಹಾಗೇ ಅನ್ನಿಸಿತು. 1735ರಲ್ಲಿ ಅವನು ಸಸ್ಯಗಳನ್ನು ಕೇಸರಗಳ ಲೆಕ್ಕದ ಮೇಲೆ 24 ವರ್ಗಗಳಾಗಿ ಹಂಚಿದ. ಹದಿನಾಲ್ಕನೆಯದು ಡಿಡೈನಾಮಿಯಾ: ನಾಲ್ಕು ಕೇಸರ, ಎರಡು ಉದ್ದ, ಎರಡು ಗಿಡ್ಡ. ಈ ವರ್ಗವನ್ನು ಅವನು ಮತ್ತೆ ಎರಡಾಗಿ ಒಡೆದ. ಬಟ್ಟಲಿನ ತಳದಲ್ಲಿ ನಾಲ್ಕು ‘ಬೆತ್ತಲೆ ಬೀಜ’ ಇರುವವು ಜಿಮ್ನೋಸ್ಪರ್ಮಿಯಾ. ಬೀಜಗಳು ಪೆಟ್ಟಿಗೆಯಂಥ ಕಾಯಿಯೊಳಗೆ ಇರುವವು ಆಂಜಿಯೋಸ್ಪರ್ಮಿಯಾ. 1753ರಲ್ಲಿ ನಮ್ಮ ಕಾಮಕಸ್ತೂರಿಗೆ ಈಗಿನ ಎರಡು ಪದದ ಹೆಸರು ಕೊಟ್ಟಾಗಲೂ ಅದು ಕುಳಿತದ್ದು ಬೆತ್ತಲೆ ಬೀಜದವರ ಸಾಲಿನಲ್ಲೇ. ಇವತ್ತು ಪ್ರೌಢಶಾಲೆಯ ಮಕ್ಕಳು ಸಸ್ಯಲೋಕದ ಎರಡು ದೊಡ್ಡ ವಿಭಾಗಗಳೆಂದು ಬಾಯಿಪಾಠ ಮಾಡುವ ಈ ಜೋಡಿಪದಗಳು ಅವನ ಪುಸ್ತಕದಲ್ಲಿ ಒಂದೇ ವರ್ಗದ ಒಳಗಿನ ಎರಡು ಕೋಣೆಗಳ ಹೆಸರಾಗಿದ್ದವು. ಪದಗಳು ಅವನಿಗಿಂತ ಹಳೆಯವು. ಮುಂದೆ ಅವು ಎಲ್ಲಿಗೆ ಹೋಗಿ ನೆಲೆ ನಿಂತವು ಎಂಬುದು ಅವನ ಕೈಯಲ್ಲಿರಲಿಲ್ಲ.

ಈ ಪಟ್ಟಿ ನಮ್ಮ ಕಡೆಗೂ ಬಂತು. ಈಸ್ಟ್ ಇಂಡಿಯಾ ಕಂಪನಿಯ ಸರ್ಜನ್ ವಿಲಿಯಂ ರಾಕ್ಸ್‌ಬರ್ಗ್ 1781ರಿಂದ ಗೋದಾವರಿ ಸೀಮೆಯ ಸಾಮರ್ಲಕೋಟದಲ್ಲಿದ್ದು ತೆಲುಗು ನಾಡಿನ ಗಿಡಗಳನ್ನು ಬರೆಸಿ, ಚಿತ್ರಿಸಿ, ತೋಟ ಮಾಡಿದವನು. 1793ರಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಹೋದ. ಅವನ ‘ಫ್ಲೋರಾ ಇಂಡಿಕಾ’ ಲಿನೇಯಸ್‌ನ ಚೌಕಟ್ಟಿನಲ್ಲೇ ಬರೆದ ಪುಸ್ತಕ. ತುಳಸಿ, ಕಾಮಕಸ್ತೂರಿಗಳು ಅಲ್ಲಿ ಡಿಡೈನಾಮಿಯಾ ಜಿಮ್ನೋಸ್ಪರ್ಮಿಯಾ. ಅದನ್ನು ರಾಕ್ಸ್‌ಬರ್ಗ್ ಸತ್ತ ಮೇಲೆ ಶ್ರೀರಾಮಪುರದ ಮುದ್ರಣಾಲಯದಿಂದ ಹೊರತಂದವನು ವಿಲಿಯಂ ಕೇರಿ. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಅದೇ ಕೇರಿ. ಗಿಡಗಳ ಪಟ್ಟಿಯನ್ನೂ ವಿಭಕ್ತಿಗಳ ಪಟ್ಟಿಯನ್ನೂ ಒಬ್ಬನೇ ಅಚ್ಚಿಗೆ ಕಳಿಸಿದ್ದು ಭಾಷಾಶಾಸ್ತ್ರ ಓದಿದ ನನ್ನಂಥವರಿಗೆ ಖುಷಿ ಕೊಡುವ ಸಂಗತಿ. ಎರಡರಲ್ಲೂ ಲ್ಯಾಟಿನ್ನಿನ ಅಳತೆಗೆ ಸರಿಯಾಗಿ ಕೂರದ ವಸ್ತುವನ್ನು ಲ್ಯಾಟಿನ್ ಕಪಾಟಿನಲ್ಲಿ ಕೂರಿಸುವ ಕಷ್ಟ ಒಂದೇ.

ಹಾಗಿದ್ದರೆ ತಪ್ಪು ಗೊತ್ತಾಗುವುದು ಹೇಗೆ? ಬಲಿತ ಕಾಳನ್ನು ಎಷ್ಟು ದಿಟ್ಟಿಸಿದರೂ ಗೊತ್ತಾಗದು. ಹಿಂದಕ್ಕೆ ಹೋಗಬೇಕು, ಮೊಗ್ಗಿನ ಹಂತಕ್ಕೆ. ಎಳೆ ಮೊಗ್ಗಿನ ತಳದ ಅಂಡಾಶಯವನ್ನು ಸೀಳಿದರೆ ಅದು ಎರಡು ಕೋಣೆಗಳ ಮನೆ. ಸ್ವಲ್ಪ ಬೆಳೆದ ಮೇಲೆ ಪ್ರತಿ ಕೋಣೆಯ ನಡುವೆ ಇನ್ನೊಂದು ಗೋಡೆ ಏಳುತ್ತದೆ. ಪುಸ್ತಕಗಳು ಅದನ್ನು ‘ಹುಸಿಗೋಡೆ’ ಎನ್ನುತ್ತವೆ, ಮೂಲ ನಕ್ಷೆಯಲ್ಲಿ ಇಲ್ಲದ ಗೋಡೆ. ಅಣ್ಣತಮ್ಮಂದಿರು ಪಾಲಾದ ಮೇಲೆ ನಡುಮನೆಗೆ ಇಟ್ಟಿಗೆ ಎಬ್ಬಿಸಿದ ಹಾಗೆ. ಎರಡು ಕೋಣೆ ನಾಲ್ಕಾದವು, ಒಂದೊಂದರಲ್ಲೂ ಒಂದೊಂದು ಅಂಡಕ. ಆಮೇಲೆ ನಾಲ್ಕೂ ಕೋಣೆಗಳು ಮೇಲಕ್ಕೆ ಉಬ್ಬುತ್ತವೆ. ಬೇರೆ ಹೂಗಳಲ್ಲಿ ಅಂಡಾಶಯದ ನೆತ್ತಿಯಿಂದ ಹೊರಡುವ ಶಲಾಕೆ ಇಲ್ಲಿ ನಾಲ್ಕು ಉಬ್ಬುಗಳ ನಡುವಿನ ತಗ್ಗಿನಿಂದ, ಬುಡದಿಂದ ಏಳುತ್ತದೆ. ಹೂವು ಬಾಡಿ ಶಲಾಕೆ ಬಿದ್ದುಹೋದ ಮೇಲೆ ನಾಲ್ಕು ಕೋಣೆಗಳೂ ಬೇರೆಬೇರೆಯಾಗುತ್ತವೆ. ಹೋಗುವಾಗ ತಮ್ಮತಮ್ಮ ಗೋಡೆಯನ್ನೂ ಹೊತ್ತು ಹೋಗುತ್ತವೆ. ಲಿನೇಯಸ್ ಕಂಡ ಬೆತ್ತಲೆ ಬೀಜ ಬೆತ್ತಲೆಯಲ್ಲ. ಅಂಗಿ ಮೈಗೆ ಅಂಟಿಕೊಂಡಿದೆ, ಅಷ್ಟೆ.

ಇನ್ನೊಂದು ಪರೀಕ್ಷೆಯೂ ಉಂಟು. ಬೀಜ ನಿಜಕ್ಕೂ ಬೆತ್ತಲೆಯಾಗಿದ್ದರೆ ಪರಾಗ ನೇರವಾಗಿ ಅದರ ಮೇಲೇ ಬಂದು ಬೀಳಬಹುದು. ಕಾಮಕಸ್ತೂರಿಯಲ್ಲಿ ಹಾಗಾಗದು. ಪರಾಗ ಶಲಾಕೆಯ ತುದಿಯಲ್ಲಿ ಇಳಿದು, ಅಲ್ಲಿಂದ ನಳಿಕೆ ಬೆಳೆಸಿ, ಬುಡದವರೆಗೆ ನಡೆದು ಒಳಗೆ ಹೋಗಬೇಕು. ನೇರ ಬಂದು ಬೀಳುವುದು ಪೈನ್ ಮತ್ತು ಸೈಕಸ್‌ಗಳಲ್ಲಿ. ಇದನ್ನು 1820ರ ದಶಕದಲ್ಲಿ ಸ್ಪಷ್ಟವಾಗಿ ಹೇಳಿದವನು ರಾಬರ್ಟ್ ಬ್ರೌನ್, ನೀರಿನಲ್ಲಿ ಪರಾಗದ ಕಣಗಳ ಕುಣಿತವನ್ನು ಕಂಡು ಭೌತಶಾಸ್ತ್ರದವರಿಗೂ ಪರಿಚಿತನಾದ ಅದೇ ಬ್ರೌನ್. ನಿಜವಾದ ಬೆತ್ತಲೆ ಬೀಜ ಯಾವುದು ಎಂದು ತಿಳಿದ ಮೇಲೆ ‘ಜಿಮ್ನೋಸ್ಪರ್ಮ್’ ಎಂಬ ಹೆಸರು ಆ ಮರಗಳಿಗೆ ಸಂದಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ‘ಅನಾವೃತಬೀಜ ಸಸ್ಯ’. ತುಳಸಿ, ಪುದೀನ, ತುಂಬೆಗಳು ಇನ್ನೊಂದು ಕಡೆ, ಆವೃತಬೀಜಗಳ ಪಾಲಿಗೆ ಬಂದವು. ಹಿಂದೆ ಜಿಮ್ನೋಸ್ಪರ್ಮಿಯಾ ಎನಿಸಿಕೊಂಡ ಗಿಡ ಇಂದು ಆಂಜಿಯೋಸ್ಪರ್ಮ್. ಗಿಡ ಕಿಂಚಿತ್ತೂ ಬದಲಾಗಿಲ್ಲ.

ಈ ಕುಟುಂಬವನ್ನು ಲೋಕಮಟ್ಟದಲ್ಲಿ ಕ್ರಮಕ್ಕೆ ತಂದವನು ಜಾರ್ಜ್ ಬೆಂಥಮ್. ಅವನ ಲೇಬಿಯೇಟೆ ಗ್ರಂಥ 1832ರಿಂದ 36ರವರೆಗೆ ಕಂತುಗಳಲ್ಲಿ ಬಂತು. ಕಂಪನಿಯ ನಥಾನಿಯಲ್ ವಾಲಿಚ್ ಹೊತ್ತು ತಂದ ಭಾರತದ ಒಣಗಿಡಗಳ ದೊಡ್ಡ ರಾಶಿ ಅವನ ಕೈಗೆ ಸಿಕ್ಕಿತ್ತು. 1885ರಲ್ಲಿ ಜೋಸೆಫ್ ಹೂಕರ್ ಹೊರತಂದ ‘ಬ್ರಿಟಿಷ್ ಇಂಡಿಯಾದ ಸಸ್ಯಸಂಕುಲ’ದ ನಾಲ್ಕನೇ ಸಂಪುಟದ ಹೊತ್ತಿಗೆ ಈ ಕಾಳಿಗೆ ‘ನಟ್‌ಲೆಟ್’ ಎಂಬ ಹೆಸರು ಗಟ್ಟಿಯಾಗಿತ್ತು.

ಈಗ ಸುಲ್ತಾನ್ ಬಜಾರಿಗೆ ಮರಳೋಣ. ಈ ಪೇಟೆ ಹುಟ್ಟಿದ್ದೇ ಬ್ರಿಟಿಷ್ ರೆಸಿಡೆನ್ಸಿಯ ನೆರಳಿನಲ್ಲಿ. ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 1803ರ ಸುಮಾರಿಗೆ ಕಟ್ಟಿಸಲು ಹಿಡಿದ ಆ ಕೋಠಿಯಿಂದಲೇ ಇಡೀ ಪ್ರದೇಶಕ್ಕೆ ಕೋಠಿ ಎಂಬ ಹೆಸರು. ಸುತ್ತಲಿನ ಪೇಟೆ ರೆಸಿಡೆನ್ಸಿ ಬಜಾರ್. ನಿಜಾಮರ ನಗರದ ಮಗ್ಗುಲಲ್ಲೇ ಇದ್ದರೂ ಆಡಳಿತ ರೆಸಿಡೆಂಟನದು. 1892ರಲ್ಲಿ ಆರ್ಯ ಸಮಾಜ, 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯದಂಥ ಸಂಸ್ಥೆಗಳು ಇಲ್ಲಿ ಬೇರೂರಿದ್ದಕ್ಕೆ ಆ ಬೇರೆ ಆಡಳಿತವೂ ಒಂದು ಕಾರಣ. 1933ರಲ್ಲಿ ಪೇಟೆ ನಿಜಾಮರಿಗೆ ಮರಳಿ, ಸುಲ್ತಾನ್ ಬಜಾರ್ ಆಯಿತು. 2020ರಿಂದ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು.

ಗಿಡಗಳ ಕಥೆಗೆ ಮುಖ್ಯವಾದದ್ದು ಬೇರೆ. 1846ರಲ್ಲಿ ರೆಸಿಡೆನ್ಸಿಯ ಸರ್ಜನ್ ವಿಲಿಯಂ ಕ್ಯಾಂಪ್‌ಬೆಲ್ ಮ್ಯಾಕ್ಲೀನ್‌ನ ಕೈಯಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾಯಿತು. ಪಾಶ್ಚಾತ್ಯ ವೈದ್ಯ, ಪಾಠ ಉರ್ದುವಿನಲ್ಲಿ. ಮುಂದೆ ಎಡ್ವರ್ಡ್ ಲಾರಿಯ ಕಾಲಕ್ಕೆ ಅದು ಇಂಗ್ಲಿಷಿಗೆ ತಿರುಗಿತು. ಲಾರಿಯ ಹೆಸರು ಕ್ಲೋರೋಫಾರ್ಮ್ ಆಯೋಗಗಳಿಂದಾಗಿ ಪ್ರಸಿದ್ಧ, ಆ ಕಥೆಗೆ ಬೇರೆಯೇ ಪ್ರಬಂಧ ಬೇಕು. 1917ರಲ್ಲಿ ಚಕ್ರ ಮತ್ತೆ ತಿರುಗಿತು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಆಜ್ಞೆ ಹೊರಟು, ಅದರ ಜೊತೆಗೇ ದಾರುಲ್ ತರ್ಜುಮಾ ಎಂಬ ಅನುವಾದ ಇಲಾಖೆ ಹುಟ್ಟಿತು. ವಿಜ್ಞಾನವನ್ನೆಲ್ಲ ಉರ್ದುವಿನಲ್ಲಿ ಕಲಿಸಬೇಕು, ಅದಕ್ಕೆ ಮೊದಲು ಪದಗಳು ಬೇಕು. ಜೀವಕೋಶ ಖಲಿಯಾ, ಸೂಕ್ಷ್ಮದರ್ಶಕ ಖುರ್ದಬೀನ್, ಸಸ್ಯಶಾಸ್ತ್ರ ಇಲ್ಮೆ ನಬಾತಾತ್. ಕಲಬುರಗಿ, ಬೀದರ, ರಾಯಚೂರುಗಳಿಂದ ಓದಲು ಬಂದ ಕನ್ನಡದ ಹುಡುಗರು ಇದೇ ಭಾಷೆಯಲ್ಲಿ ಕಲಿತರು. ಮನೆಯಲ್ಲಿ ಕಾಮಕಸ್ತೂರಿ, ಬಜಾರಿನಲ್ಲಿ ಸಬ್ಜಾ, ತರಗತಿಯಲ್ಲಿ ರೇಹಾನ್. ನನಗೆ ಆ ಹುಡುಗರ ಬಗ್ಗೆ ಸ್ವಲ್ಪ ಹೊಟ್ಟೆಕಿಚ್ಚು. ಒಂದೇ ಗಿಡವನ್ನು ಮೂರು ಭಾಷೆಯ ಮೂರು ಕಿಟಕಿಗಳಿಂದ ನೋಡುವ ಅವಕಾಶ ಅವರಿಗಿತ್ತು. ಆಳುವವರ ಭಾಷೆಯಲ್ಲಿ ಓದಬೇಕಾದ ಒತ್ತಾಯವೂ ಇತ್ತು, ಅದನ್ನು ಮರೆಯುವಂತಿಲ್ಲ. ಸಾವಿರದ ಒಂಬೈನೂರ ಮೂವತ್ತರ ದಶಕದಲ್ಲಿ ಉಸ್ಮಾನಿಯಾದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಎಂ. ಸಯೀದುದ್ದೀನ್ ಹೈದರಾಬಾದ್ ಸಂಸ್ಥಾನದ ಸಾಮಾನ್ಯ ಹೂಗಿಡಗಳ ಬಗ್ಗೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು, ಇಂಗ್ಲಿಷಿನಲ್ಲಿ. ಪಾಠ ಒಂದು ಭಾಷೆಯಲ್ಲಿ, ಲೋಕಕ್ಕೆ ವರದಿ ಇನ್ನೊಂದರಲ್ಲಿ.

1948ರ ನಂತರ ಉರ್ದು ಮಾಧ್ಯಮ ಹಿಂದೆ ಸರಿಯಿತು. 1949ರಲ್ಲಿ ಖಾಲಿಯಾಗಿದ್ದ ರೆಸಿಡೆನ್ಸಿಗೆ ಉಸ್ಮಾನಿಯಾದ ಮಹಿಳಾ ಕಾಲೇಜು ಬಂತು. ಈಗ ಅದು ಮಹಿಳಾ ವಿಶ್ವವಿದ್ಯಾಲಯ. ರೆಸಿಡೆಂಟರು ದರ್ಬಾರು ನಡೆಸಿದ ಆವರಣದಲ್ಲಿ ತಲೆಮಾರುಗಳ ಹುಡುಗಿಯರು ಓದಿದ್ದಾರೆ. ಸಸ್ಯಶಾಸ್ತ್ರ ಹಿಡಿದವರ ಪಾಲಿಗೆ ದೇಶದ ಎಲ್ಲ ಕಾಲೇಜುಗಳಂತೆ ತುಳಸಿಯ ಕಾಂಡ, ತುಂಬೆಯ ಹೂವು ಪ್ರಾಕ್ಟಿಕಲ್ ಪುಸ್ತಕದ ಕಾಯಂ ಅತಿಥಿಗಳು. ನಾಲ್ಕು ಭಾಗದ ಅಂಡಾಶಯ, ಬುಡದಿಂದ ಎದ್ದ ಶಲಾಕೆಯ ಚಿತ್ರ ಬರೆಯದೆ ಈ ಕುಟುಂಬದ ಪಾಠ ಮುಗಿಯುವುದಿಲ್ಲ.

ಕಾಲೇಜಿನ ಗೋಡೆ ದಾಟಿದರೆ ಮಾರುಕಟ್ಟೆ, ಅಲ್ಲಿ ತೊಡಕು ಬೇರೆ. ಯುನಾನಿಯಲ್ಲಿ ತುಖ್ಮೆ ರೇಹಾನ್ ಒಂದು, ತುಖ್ಮೆ ಬಾಲಂಗೂ ಇನ್ನೊಂದು. ಎರಡನೆಯದು ಲಲ್ಲೆಮಾಂಟಿಯಾ ಎಂಬ ಗಿಡದ್ದು. ಅದೂ ಪುದೀನದ ಕುಟುಂಬವೇ, ಅದೂ ಕಪ್ಪು, ಅದೂ ನೀರಿನಲ್ಲಿ ಉಬ್ಬುತ್ತದೆ. ಅಂಗಡಿಗಳಲ್ಲಿ ಒಂದರ ಹೆಸರಿನಲ್ಲಿ ಇನ್ನೊಂದು ಹೋಗುವುದು ಮಾಮೂಲು. ಒಣಗಿದಾಗ ಭೂತಗನ್ನಡಿ ಹಿಡಿದರೆ ಬಾಲಂಗೂ ಉದ್ದನೆಯದು, ಮೂರು ಏಣು ಇರುವಂಥದ್ದು. ಸಬ್ಜಾ ಮೊಟ್ಟೆಯಾಕಾರ, ಎರಡು ಮಿಲಿಮೀಟರಿನ ಆಸುಪಾಸು. ಇತ್ತೀಚೆಗೆ ಚಿಯಾ ಬಂದಿದೆ. ಮೆಕ್ಸಿಕೋದ ಅಜ್ಟೆಕರು ಕಪ್ಪವಾಗಿ ಪಡೆಯುತ್ತಿದ್ದ ಕಾಳು ಅದು. ಮೈಸೂರಿನ ಸಿಎಫ್‌ಟಿಆರ್‌ಐ ಅದರ ಬೇಸಾಯವನ್ನು ನಮ್ಮ ರೈತರಿಗೆ ಪರಿಚಯಿಸಿತು. ಚಿಯಾ ಕೂಡ ಇದೇ ಕುಟುಂಬದ್ದು, ಅದರ ಕಾಳೂ ನಾಲ್ಕು ಪಾಲಾದ ಕಾಯಿಯ ಒಂದು ಪಾಲು. ಆದರೆ ಬೂದುಬಣ್ಣ, ಮೇಲೆ ಮಚ್ಚೆ.

ಇನ್ನು ಇಸಬ್‌ಗೋಲ್. ಲೋಟದಲ್ಲಿ ಅದೂ ಲೋಳೆಯಾಗುತ್ತದೆ, ಹೊಟ್ಟೆಯ ತೊಂದರೆಗೆ ಅದನ್ನೂ ಕೊಡುತ್ತಾರೆ. ಆದರೆ ಒಳಗಿನ ರಚನೆ ತೀರಾ ಬೇರೆ. ಇಸಬ್‌ಗೋಲ್ ಗಿಡದ ಪುಟ್ಟ ಕಾಯಿ ಕರಡಿಗೆಯ ಮುಚ್ಚಳದಂತೆ ಅಡ್ಡಕ್ಕೆ ಬಿರಿದು ಒಳಗಿನ ಬೀಜಗಳನ್ನು ಹೊರಗೆ ಬಿಡುತ್ತದೆ. ನೀರು ಹೀರಿ ಉಬ್ಬುವುದು ಆ ಬೀಜದ ಸಿಪ್ಪೆ. ಸಬ್ಜಾದಲ್ಲಿ ಉಬ್ಬುವುದು ಬೀಜದ ಸಿಪ್ಪೆಯಲ್ಲ, ಕಾಯಿಯ ಗೋಡೆ. ಆ ಗೋಡೆಯ ಅತಿ ಹೊರಗಿನ ಕೋಶಗಳಲ್ಲಿ ಲೋಳೆ ಒಣಗಿ ಒತ್ತಾಗಿ ತುಂಬಿರುತ್ತದೆ. ನೀರು ತಾಗಿದ ಕ್ಷಣಗಳಲ್ಲೇ ಅದು ಹಿಗ್ಗಿ, ಕೋಶ ಒಡೆದು, ಸೆಲ್ಯುಲೋಸ್‌ನ ನವಿರು ಎಳೆಗಳ ಜೊತೆ ಕಿರಣಗಳಂತೆ ಹೊರಚಾಚುತ್ತದೆ. ಲೋಟದಲ್ಲಿ ಕಾಣುವ ಬೂದು ಮಬ್ಬಿನಲ್ಲಿ ಆ ಎಳೆಗಳೂ ಸೇರಿವೆ. ಎಷ್ಟು ಕಲಕಿದರೂ ಲೋಳೆ ಕಾಳನ್ನು ಬಿಟ್ಟು ಹೋಗದಂತೆ ಹಿಡಿದಿಡುವಲ್ಲಿ ಅವುಗಳ ಪಾಲಿದೆ. ಅದರ ಕೆಳಗೆ ಹಲ್ಲಿಗೆ ಕಟುಂ ಎನ್ನುವ ಗಟ್ಟಿ ಕಲ್ಲುಕೋಶಗಳ ಪದರ. ಅದಕ್ಕೂ ಒಳಗೆ, ಕಾಗದದಷ್ಟು ತೆಳುವಾದ ತನ್ನದೇ ಸಿಪ್ಪೆಯಲ್ಲಿ, ನಿಜವಾದ ಬೀಜ. ಈ ಗೋಡೆಯ ಪದರಗಳನ್ನೇ ಆಧಾರವಾಗಿಟ್ಟುಕೊಂಡು 1990ರ ದಶಕದಲ್ಲಿ ಓಲೋಫ್ ರೈಡಿಂಗ್ ಎಂಬ ಸಸ್ಯಶಾಸ್ತ್ರಜ್ಞ ಇಡೀ ಕುಟುಂಬದ ನೆಂಟಸ್ತಿಕೆಗಳನ್ನು ಪರಿಶೀಲಿಸಿದ್ದಾನೆ.

ಹೀಗಾಗಿ ಔಷಧಕೋಶದಲ್ಲಿ ಬರೆಯುವಾಗ ಉಬ್ಬುವ ಪದರ ಯಾವುದರದು ಎಂಬುದು ಮುಖ್ಯ. 1930–31ರಲ್ಲಿ ಆರ್. ಎನ್. ಚೋಪ್ರಾ ಅವರ ಔಷಧ ವಿಚಾರಣಾ ಸಮಿತಿ ಕಲಬೆರಕೆಯ ಬಗ್ಗೆ ದೇಶದ ಕಣ್ಣು ತೆರೆಸಿತು, 1940ರಲ್ಲಿ ಔಷಧ ಕಾಯ್ದೆ ಬಂತು. ಯುನಾನಿ, ಆಯುರ್ವೇದ ಔಷಧಕೋಶಗಳಲ್ಲಿ ಇಂದು ಪ್ರತಿ ಮೂಲಿಕೆಗೂ ಕಣ್ಣಿಗೆ ಕಾಣುವ ಲಕ್ಷಣ, ಸೂಕ್ಷ್ಮದರ್ಶಕದಲ್ಲಿ ಕಾಣುವ ಲಕ್ಷಣ ಎಂಬ ಎರಡು ಭಾಗಗಳಿವೆ. ಅಲ್ಲಿ ‘ಕಾಯಿಗೋಡೆಯ ಲೋಳೆಕೋಶ’ ಎಂದಿರಬೇಕಾದಲ್ಲಿ ಅನುವಾದಕ ‘ಬೀಜದ ಸಿಪ್ಪೆ’ ಎಂದರೆ, ಪರೀಕ್ಷೆ ಮಾಡುವವರು ಇಲ್ಲದ ಪದರವನ್ನು ಹುಡುಕುತ್ತ ಕೂರುತ್ತಾರೆ. ಇರುವುದನ್ನು ಕಲಬೆರಕೆ ಎಂದೂ ಬರೆದುಬಿಡಬಹುದು.

ನಟ್‌ಲೆಟ್‌ಗೆ ನಾನು ಮೊದಲು ಯೋಚಿಸಿದ್ದು ‘ಕಿರುಗಾಯಿ’. ಅರ್ಥದಲ್ಲಿ ಸರಿ, ಆದರೆ ಕಿವಿಗೆ ಹಸಿರು ಮಿಡಿಯ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಕಾಯಿ ಎಂದರೆ ಮುಂದೆ ಹಣ್ಣಾಗಬಹುದಾದದ್ದು, ಇಲ್ಲವೇ ತೆಂಗು. ಇದು ಯಾವತ್ತೂ ಹಣ್ಣಾಗದ ಒಣ ವಸ್ತು. ‘ಫಲ’ ಎಂದರೆ ದೇವರ ಮುಂದಿನ ತಟ್ಟೆ ನೆನಪಾಗುತ್ತದೆ. ಮತ್ತೆ ಬೀಜ ಎನ್ನುವಂತಿಲ್ಲ. ಬಿ.ಜಿ.ಎಲ್. ಸ್ವಾಮಿ ಇದ್ದಿದ್ದರೆ ಏನೆನ್ನುತ್ತಿದ್ದರು ಎಂದು ಯೋಚಿಸಿದ್ದುಂಟು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಜೊತೆ ಸಸ್ಯಗಳ ಅಂಗರಚನೆಯನ್ನೇ ಅಭ್ಯಾಸ ಮಾಡಿದ, ‘ಹಸುರು ಹೊನ್ನು’ ಬರೆದ ಸ್ವಾಮಿಗಿಂತ ಈ ಪ್ರಶ್ನೆಗೆ ತಕ್ಕವರು ಕನ್ನಡದಲ್ಲಿ ಇನ್ನಿಲ್ಲ.

ಕೊನೆಗೆ ನೆಚ್ಚಿಕೊಂಡದ್ದು ಅಡುಗೆಮನೆಯ ‘ಕಾಳು’ ಎಂಬ ಪದವನ್ನು. ಕಾಳುಮೆಣಸು ಸಸ್ಯಶಾಸ್ತ್ರದಲ್ಲಿ ಹಣ್ಣು. ಗೋಧಿಯ ಕಾಳೂ ಒಂದು ಹಣ್ಣೇ, ಬೀಜಕ್ಕೆ ಅಂಟಿದ ಗೋಡೆಯ ಸಮೇತ. ಹೆಸರುಕಾಳು ಮಾತ್ರ ಅಪ್ಪಟ ಬೀಜ. ಕನ್ನಡದ ಕಾಳು ಒಳಗೆ ಏನಿದೆ ಎಂದು ಕೇಳುವುದೇ ಇಲ್ಲ: ಚಿಕ್ಕದು, ಒಣಗಿದ್ದು, ಎಣಿಸಬಹುದಾದದ್ದು, ಸಾಕು. ತೆಲುಗಿನ ಗಿಂಜ ಕೂಡ ಹೆಚ್ಚುಕಡಿಮೆ ಹಾಗೇ. ಲಿನೇಯಸ್ ಎಡವಿದ ಜಾಗದಲ್ಲಿ ನಮ್ಮ ಅಜ್ಜಿಯರು ಎಡವದೆ ದಾಟಿದ್ದು ಜ್ಞಾನದಿಂದಲ್ಲ, ಆ ಪ್ರಶ್ನೆಯೇ ಅವರಿಗೆ ಬೇಕಿರಲಿಲ್ಲ. ನನ್ನ ಕೈಪಿಡಿಯಲ್ಲಿ ಹೊರನೋಟದ ಭಾಗದಲ್ಲಿ ‘ಸಬ್ಜಾ ಕಾಳು’ ಎಂದೇ ಬರೆದೆ. ಸೂಕ್ಷ್ಮದರ್ಶಕದ ಭಾಗಕ್ಕೆ ಬಂದಾಗ ಅದನ್ನು ಒಡೆದೆ: ಹೊರಗೆ ಕಾಯಿಗೋಡೆ, ಅದರ ಲೋಳೆಕೋಶ, ಕೆಳಗೆ ಕಲ್ಲುಕೋಶ, ಒಳಗೆ ಬೀಜದ ಸಿಪ್ಪೆ, ಅದರೊಳಗೆ ಭ್ರೂಣ. ಸಂಪಾದಕರು ಮುಖಪುಟದ ಚಿತ್ರದ ಕೆಳಗೆ ‘ಕಾಮಕಸ್ತೂರಿ ಬೀಜ’ ಎಂದು ಹಾಕಿದರು. ಅದನ್ನು ತಿದ್ದಿ ಎಂದು ನಾನು ಕೇಳಲಿಲ್ಲ.